ಹಿಂಡಿನ ಹಾದಿ: ದಖ್ಖನಿನ ಅಲೆಮಾರಿ ಕುರಿಗಾಹಿಗಳನ್ನು ಕುರಿತು ಒಂದು ಸಂವಾದ

ಮೊದಲನೆಯವರು: ಉತ್ತರ ಕರ್ನಾಟಕದ ಬಯಲಿನಲ್ಲಿ ವರ್ಷದ ಹೆಚ್ಚಿನ ತಿಂಗಳು ಕುರಿಹಿಂಡಿನೊಂದಿಗೆ ಊರಿಂದೂರಿಗೆ ನಡೆಯುವ ಕುರುಬ ಕುಟುಂಬಗಳ ವಿಷಯ ಬಂದಾಗಲೆಲ್ಲ ವಿದ್ವಾಂಸರ ಬರವಣಿಗೆಯಲ್ಲಿ ಮೆಚ್ಚುಗೆಯ ಧಾಟಿಯೊಂದು ಕಾಣಿಸಿಕೊಳ್ಳುತ್ತದೆ, ಈ ಜನ ಪುರಾತನ ಜೀವನಕ್ರಮವನ್ನು ಕಾಪಾಡಿಕೊಂಡು ಬಂದಿದ್ದಾರೆ, ಅದು ಉಳಿಯಬೇಕು ಎನ್ನುತ್ತಾರೆ. ಆದರೆ ಮಳೆಗೆ ಮೈಯೊಡ್ಡಿ, ಹೊಲದ ಬದುವಿನಲ್ಲಿ ಮಲಗಿ, ಮಕ್ಕಳನ್ನು ಶಾಲೆಯಿಂದ ದೂರವಿಟ್ಟು ಬಾಳುವುದನ್ನು ಸಂಪ್ರದಾಯವೆಂದು ಹೊಗಳುವುದು ಎಷ್ಟರಮಟ್ಟಿಗೆ ನ್ಯಾಯ? ಬೇರೆ ದಾರಿಯಿಲ್ಲದ ಕಾರಣಕ್ಕೇ ಅವರು ನಡೆಯುತ್ತಿರಬಹುದಲ್ಲವೇ?

ಎರಡನೆಯವರು: ಕಷ್ಟವಿದೆಯೇ ಎಂಬುದು ಒಂದು ಪ್ರಶ್ನೆ, ಬೇರೆ ದಾರಿಯಿಲ್ಲದೆ ನಡೆಯುತ್ತಿದ್ದಾರೆಯೇ ಎಂಬುದು ಇನ್ನೊಂದು, ಎರಡನ್ನೂ ಬೆರೆಸದೆ ನೋಡುವುದು ಒಳ್ಳೆಯದು. ಕಷ್ಟ ಖಂಡಿತ ಇದೆ, ಅದನ್ನು ಮರೆಮಾಚಿ ಬರೆದದ್ದರಿಂದ ಆ ಕುಟುಂಬಗಳಿಗೆ ಯಾವ ಉಪಕಾರವೂ ಆಗುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮಾತ್ರ ಜನರಿಗಿಂತ ಮೊದಲು ಅವರು ನಡೆಯುವ ನೆಲವನ್ನು ನೋಡಬೇಕು. ಘಟ್ಟದ ಸಾಲು ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಅದರ ಪೂರ್ವಕ್ಕೆ ಮಳೆ ತೀರ ಕಡಿಮೆಯಾಗುವ ಸೀಮೆಯನ್ನು ಮಳೆನೆರಳಿನ ಪ್ರದೇಶ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳು, ಬಾಗಲಕೋಟೆ, ವಿಜಯಪುರ, ಕೊಪ್ಪಳ, ದಕ್ಷಿಣಕ್ಕೆ ಬಂದರೆ ಚಿತ್ರದುರ್ಗ, ಇವೆಲ್ಲ ಅದರೊಳಗೆ ಸೇರುತ್ತವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 650 ಮಿಲಿಮೀಟರ್, ಅದೂ ಒಂದು ಹೋಬಳಿಯಲ್ಲಿ ಹದವಾಗಿ ಬಿದ್ದು ಪಕ್ಕದ ಹೋಬಳಿಯನ್ನು ಒಣಗಲು ಬಿಟ್ಟು ಹೋಗುವಂಥದ್ದು. ಇಂಥ ನೆಲದಲ್ಲಿ ಮೇವು ಯಾವ ಒಂದು ಊರಿನಲ್ಲಿಯೂ ವರ್ಷವಿಡೀ ಸಿಗುವುದಿಲ್ಲ, ಆದರೆ ಯಾವ ತಿಂಗಳಿನಲ್ಲಿಯೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಆದ್ದರಿಂದ ಮೇವನ್ನು ಕುರಿಯ ಬಳಿಗೆ ಸಾಗಿಸುವುದಕ್ಕಿಂತ ಕುರಿಯನ್ನು ಮೇವಿನ ಬಳಿಗೆ ನಡೆಸುವುದೇ ಇಲ್ಲಿನ ಪಶುಪಾಲನೆಯ ಮೂಲಸೂತ್ರವಾಯಿತು.

ಮೊದಲನೆಯವರು: ಎಲ್ಲೋ ಒಂದು ಕಡೆ ಇರುತ್ತದೆ ಎಂಬ ಮಾತು ಅಲೆದಾಟಕ್ಕೆ ಕೊಡುವ ಸಮರ್ಥನೆಯಂತೆ ಕೇಳಿಸುತ್ತದೆಯೇ ಹೊರತು ಒಂದು ಕ್ರಮವನ್ನು ತೋರಿಸುವುದಿಲ್ಲ.

ಎರಡನೆಯವರು: ಕ್ರಮವಿರುವುದು ಬೆಳೆಗಳ ಪಂಚಾಂಗದಲ್ಲಿ. ಮಳೆಗಾಲದಲ್ಲಿ ಹಿಂಡುಗಳು ಸಾಮಾನ್ಯವಾಗಿ ಮಳೆ ಕಡಿಮೆಯಿರುವ ತಮ್ಮ ಊರುಗಳ ಸುತ್ತಿನ ಗುಡ್ಡ, ಮಸಾರಿ ಭೂಮಿ, ಅಂದರೆ ನೀರು ನಿಲ್ಲದ ಕೆಂಪು ನೆಲ, ಮತ್ತು ಗೋಮಾಳಗಳಲ್ಲಿ, ಅಂದರೆ ಊರಿನ ಜಾನುವಾರು ಮೇಯಲೆಂದು ಕಾಯ್ದಿರಿಸಿದ ಸರ್ಕಾರಿ ಭೂಮಿಯಲ್ಲಿ, ಇರುತ್ತವೆ. ಏಕೆಂದರೆ ಜಿನುಗುವ ಮಳೆಯಲ್ಲಿ, ಗೊರಸಿಗೆ ಅಂಟುವ ಎರೆಮಣ್ಣಿನಲ್ಲಿ ನಿಂತ ಕುರಿಗೆ ಕಾಲುಕೊಳೆ ರೋಗ ತಗಲುತ್ತದೆ. ಮುಂಗಾರಿನ ಸಜ್ಜೆ, ಹೆಸರು, ಶೇಂಗಾ ಕೊಯ್ಲಾಗುವ ಹೊತ್ತಿಗೆ ಆ ಹೊಲಗಳು ತೆರೆದುಕೊಳ್ಳುತ್ತವೆ. ದೀಪಾವಳಿಯ ನಂತರ ಎರೆಭೂಮಿಯ ಬಯಲೆಲ್ಲ ಹಿಂಗಾರಿ ಜೋಳ ಮತ್ತು ಕಡಲೆಯ ಪೈರಿನಿಂದ ತುಂಬಿಕೊಂಡು ಕುರಿಗೆ ಕಾಲಿಡಲೂ ಎಡೆಯಿಲ್ಲದಂತಾದಾಗ, ಅದೇ ಸಮಯಕ್ಕೆ ಪಶ್ಚಿಮದಲ್ಲಿ, ಮಲೆನಾಡಿನ ಸೆರಗಿನ ಕಲಘಟಗಿ, ಹಳಿಯಾಳ, ಮುಂಡಗೋಡ ಕಡೆಯ ಭತ್ತದ ಗದ್ದೆಗಳು ಕೊಯ್ಲಾಗಿ ಕೂಳೆ, ಎಂದರೆ ಕಟಾವಿನ ನಂತರ ಉಳಿಯುವ ಬುಡ, ಬಿಟ್ಟಿರುತ್ತವೆ. ಹಿಂಡುಗಳು ಅತ್ತ ನಡೆಯುತ್ತವೆ. ಮಾಘ, ಫಾಲ್ಗುಣದಲ್ಲಿ ಜೋಳ ಕೊಯ್ಲಾದ ಮೇಲೆ ಪೂರ್ವದ ಬಯಲು ಮತ್ತೆ ತೆರೆದುಕೊಳ್ಳುತ್ತದೆ. ಬೇಸಿಗೆಯ ಕೊನೆಯ ವಾರಗಳೇ ಕಠಿಣ, ಆಗ ಜಾಲಿಯ ಕಾಯಿ, ಮರದ ಸೊಪ್ಪು, ಕೆರೆಯಂಗಳದ ಹುಲ್ಲು ಇವೇ ಆಧಾರ. ಎಲ್ಲ ಕುಟುಂಬಗಳೂ ಇದೇ ಹಾದಿ ಹಿಡಿಯುತ್ತವೆ ಎಂದಲ್ಲ, ಒಂದೇ ಕುಟುಂಬವೂ ಪ್ರತಿ ವರ್ಷ ಅದೇ ಹಾದಿಯಲ್ಲಿ ನಡೆಯುವುದಿಲ್ಲ. ಆದರೆ ಯಾರ ಹೊಲ ಯಾವಾಗ ತೆರೆಯುತ್ತದೆ, ಯಾವ ಊರಿನ ಕೆರೆಯಲ್ಲಿ ನೀರಿದೆ, ಯಾವ ಸೀಮೆಯಲ್ಲಿ ಈ ವರ್ಷ ರೋಗವಿದೆ ಎಂಬ ತಿಳಿವಳಿಕೆ ಅವರ ಪ್ರತಿಯೊಂದು ಹೆಜ್ಜೆಯ ಹಿಂದೆ ಇದ್ದೇ ಇರುತ್ತದೆ, ಮತ್ತು ಅದು ಸಾಕಷ್ಟು ನಡೆದವರಿಗೆ ಮಾತ್ರ ದಕ್ಕುವಂಥದ್ದು.

ಮೊದಲನೆಯವರು: ಪರರ ಹೊಲವನ್ನು ನೆಚ್ಚಿ ಬಾಳುವವರು ಹೊಲದವರ ಮರ್ಜಿಗೆ ಒಳಪಟ್ಟಿರುತ್ತಾರೆ. ರೈತನಾದರೂ ನೂರಾರು ಕುರಿಗಳನ್ನು ತನ್ನ ಭೂಮಿಗೆ ಬಿಟ್ಟುಕೊಳ್ಳುವುದು ಏಕೆ?

ಎರಡನೆಯವರು: ಬಿಟ್ಟುಕೊಳ್ಳುವುದಷ್ಟೇ ಅಲ್ಲ, ಕರೆದು ನಿಲ್ಲಿಸಿಕೊಳ್ಳುತ್ತಾನೆ, ಅದಕ್ಕೆ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸುವ ಈ ಪದ್ಧತಿಗೆ ಉತ್ತರ ಕರ್ನಾಟಕದಲ್ಲಿ ಕುರಿ ತರುಬುವುದು ಎಂದು ಹೇಳುತ್ತಾರೆ. ಸಂಜೆ ಹೊತ್ತಿಗೆ ಗೂಟ ನೆಟ್ಟು ಬಲೆ ಕಟ್ಟಿ ಕುರಿದಡ್ಡಿ, ಅಂದರೆ ತಾತ್ಕಾಲಿಕ ಆವರಣ, ಸಿದ್ಧಪಡಿಸಿ, ಹಿಂಡನ್ನು ಅದರೊಳಗೆ ಸೇರಿಸಿ, ಮರುದಿನ ದಡ್ಡಿಯನ್ನು ಪಕ್ಕಕ್ಕೆ ಸರಿಸುತ್ತ ಹೋದರೆ ಕೆಲವು ರಾತ್ರಿಗಳಲ್ಲಿ ಹೊಲದ ತುಂಬ ಹಿಕ್ಕೆ ಮತ್ತು ಗಂಜಳ ಹರಡಿಕೊಳ್ಳುತ್ತದೆ. ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ಹೇರಿ, ಹೊಲಕ್ಕೆ ಸಾಗಿಸಿ, ಕೂಲಿ ಕೊಟ್ಟು ಹರಡಬೇಕಾದರೆ ಇಲ್ಲಿ ಆ ಖರ್ಚು ಯಾವುದೂ ಇಲ್ಲ; ಗಂಜಳದಲ್ಲಿನ ಸಾರಜನಕ ನೇರವಾಗಿ ಮಣ್ಣಿಗೇ ಇಳಿಯುತ್ತದೆ. ಚೀಲದ ಗೊಬ್ಬರ ಬಂದ ಮೇಲೂ ಈ ಬೇಡಿಕೆ ಅಳಿಯದೆ ಉಳಿದಿರುವುದಕ್ಕೆ ಕಾರಣ, ಒಣಬೇಸಾಯದ ಮಣ್ಣಿಗೆ ಬೇಕಾದ ಸಾವಯವ ಅಂಶ ಚೀಲದಲ್ಲಿ ಬರುವುದಿಲ್ಲ ಎಂಬುದು ರೈತರಿಗೆ ತಿಳಿದಿರುವುದೇ. ಹೀಗೆ ಒಬ್ಬನ ಬೆಳೆಯ ಉಳಿಕೆ ಇನ್ನೊಬ್ಬನಿಗೆ ಮೇವಾಗಿ, ಅವನ ಹಿಂಡಿನ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುವ ವ್ಯವಹಾರದಲ್ಲಿ ಮರ್ಜಿಯ ಮಾತಿಗಿಂತ ಪರಸ್ಪರ ಅಗತ್ಯದ ಮಾತು ದೊಡ್ಡದು. ಎಷ್ಟೋ ಹೊಲದ ಮನೆಗಳಿಗೂ ಎಷ್ಟೋ ಕುರಿಗಾಹಿ ಕುಟುಂಬಗಳಿಗೂ ತಲೆಮಾರಿನಿಂದ ಬಂದ ಸಂಬಂಧವಿದೆ. ಜಗಳವಾಗುವುದಿಲ್ಲ ಎಂದಲ್ಲ, ಪೈರಿಗೆ ಬಾಯಿ ಹಾಕಿದ ಒಂದು ಕುರಿಯಿಂದ ಹೊಡೆದಾಟದವರೆಗೆ ಹೋದದ್ದೂ ಉಂಟು.

ಮೊದಲನೆಯವರು: ಈ ನಡಿಗೆಯಲ್ಲಿ ಹೆಂಗಸರ ಪಾಲು ಎಂಥದು?

ಎರಡನೆಯವರು: ಅವರಿಲ್ಲದೆ ಹಿಂಡು ಒಂದು ಹಗಲೂ ನಡೆಯದು. ಗಂಡಸರು ಬೆಳಗ್ಗೆ ಕುರಿಗಳನ್ನು ಹೊಡೆದುಕೊಂಡು ಹೋದ ಮೇಲೆ ಎಳೆಮರಿಗಳನ್ನು, ಕಾಲು ಮುರಿದ ಮತ್ತು ಬೇನೆಬಿದ್ದ ಕುರಿಗಳನ್ನು ನೋಡಿಕೊಳ್ಳುವುದು, ಪಾತ್ರೆ, ಹಾಸಿಗೆ, ಬಲೆ, ಕೋಳಿಗಳನ್ನೂ ನಡೆಯಲಾರದ ಮರಿಗಳನ್ನೂ ಕುದುರೆಯ ಬೆನ್ನಿಗೆ ಹೇರಿ ಮುಂದಿನ ಬೀಡಿಗೆ ಸಾಗಿಸುವುದು, ನೀರು ಹುಡುಕಿ ರೊಟ್ಟಿ ಬಡಿಯುವುದು, ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಇವೆಲ್ಲವನ್ನೂ ಮಾಡುವುದು ಅವರ ಕೆಲಸ. ಉಣ್ಣೆಯ ವಿಚಾರದಲ್ಲಂತೂ ಅವರ ಕೈಯೇ ಮುಖ್ಯ. ದಖ್ಖನಿ ಎಂಬ ತಳಿಯ ಕುರಿ ಬಹುಪಾಲು ಕಪ್ಪು ಬಣ್ಣದ್ದು, ಅದರ ಉಣ್ಣೆ ಒರಟು. ವರ್ಷಕ್ಕೆ ಎರಡು ಬಾರಿ ಕತ್ತರಿಸಿದ ಆ ಉಣ್ಣೆಯನ್ನು ಹೆಂಗಸರು ಹಿಂಜಿ, ಚರಕದಲ್ಲಿ ನೂಲುತ್ತಾರೆ, ಹಾಸಿನ ನೂಲಿಗೆ ಹುಣಸೆಬೀಜವನ್ನು ಅರೆದು ಬೇಯಿಸಿದ ಗಂಜಿ ಹಚ್ಚಿ ಬಿರುಸುಗೊಳಿಸುತ್ತಾರೆ, ಕುಣಿಮಗ್ಗದಲ್ಲಿ, ಎಂದರೆ ನೇಯುವವರು ಗುಂಡಿಯಲ್ಲಿ ಕಾಲಿಳಿಸಿ ಕೂರುವ ಮಗ್ಗದಲ್ಲಿ, ಅದು ಕಂಬಳಿಯಾಗುತ್ತದೆ. ಬಣ್ಣ ಹಾಕುವ ಕೆಲಸವಿಲ್ಲ, ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಅದನ್ನೇ ಮಡಚಿ ತಲೆಯ ಮೇಲಿಂದ ಇಳಿಬಿಟ್ಟರೆ ಕೊಪ್ಪೆಯಾಗಿ ಮಳೆಯನ್ನು ತಡೆಯುತ್ತದೆ, ಹಾಸಿದರೆ ದೇವರ ಗದ್ದಿಗೆಯಾಗುತ್ತದೆ. ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯ ದಾರದಿಂದ ಕಟ್ಟುವವರು ಉಣ್ಣೆಕಂಕಣದವರು, ಹತ್ತಿಯ ದಾರದಿಂದ ಕಟ್ಟುವವರು ಹತ್ತಿಕಂಕಣದವರು ಎಂಬ ಎರಡು ಪಂಗಡಗಳೇ ಇವೆ.

ಮೊದಲನೆಯವರು: ದೇವರ ಮಾತು ಬಂದದ್ದರಿಂದ ಕೇಳಬೇಕೆನಿಸುತ್ತದೆ, ಊರಿಲ್ಲದೆ ನಡೆಯುವವರಿಗೆ ಗುಡಿ ಎಲ್ಲಿಯದು?

ಎರಡನೆಯವರು: ಊರಿಲ್ಲದವರು ಎನ್ನುವುದು ಸರಿಯಲ್ಲ. ಅವರಿಗೆ ಊರಿದೆ, ಮನೆಯಿದೆ, ಕೆಲವರಿಗೆ ಒಂದಿಷ್ಟು ಹೊಲವೂ ಇದೆ, ಮುದುಕರು ಅಲ್ಲಿಯೇ ಇರುತ್ತಾರೆ. ಊರಿನ ಆಚೆಗೆ ಹರಡಿಕೊಂಡಿರುವ ದೇವರುಗಳೂ ಇದ್ದಾರೆ: ಬೀರಪ್ಪ, ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಮೈಲಾರಲಿಂಗ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕರಿಕಂಬಳಿ ತೊಟ್ಟ ಗೊರವರು, ಅಂದರೆ ಆ ದೇವರಿಗೆ ದೀಕ್ಷೆ ಪಡೆದವರು, ಸೇರುತ್ತಾರೆ. ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಒಂದು ಸಾಲಿನ ಕಾರ್ಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ಕುರಿಗಾಹಿಗಳೂ ರೈತರೂ ಒಟ್ಟಿಗೆ ನಿಂತು ಕೇಳಿ, ಮುಂದಿನ ಮಳೆಬೆಳೆಯ ಅರ್ಥವನ್ನು ತಮ್ಮತಮ್ಮಲ್ಲೇ ಬಿಡಿಸಿಕೊಳ್ಳುತ್ತಾರೆ. ಇಬ್ಬರ ಬದುಕೂ ಒಂದೇ ಮಳೆಯನ್ನು ನೆಚ್ಚಿರುವುದರಿಂದ ಜಾತ್ರೆಯೂ ಒಂದೇ ಆಗಿದೆ. ಈ ದೇವತೆಗಳ ಜಾಡು ಹಿಡಿದು ಜರ್ಮನಿಯ ವಿದ್ವಾಂಸ ಗುಂತರ್ ಸೊಂಥೈಮರ್ ಮಹಾರಾಷ್ಟ್ರ, ಕರ್ನಾಟಕ, ಆಂಧ್ರದ ಒಣಸೀಮೆಗಳ ಪಶುಪಾಲಕರನ್ನು ಒಂದೇ ಸಾಂಸ್ಕೃತಿಕ ವಲಯವಾಗಿ ಕಂಡರು. ಕನ್ನಡದಲ್ಲಿ ಶಂ.ಬಾ. ಜೋಶಿಯವರು ‘ಹಾಲುಮತ ದರ್ಶನ’ದಲ್ಲಿ ಕುರುಬರ ಪರಂಪರೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡವರು. ಇನ್ನೂ ಹಿಂದಕ್ಕೆ ಹೋದರೆ ಬಳ್ಳಾರಿಯ ಕುಡತಿನಿ, ಸುರಪುರದ ಕಡೆಯ ಬೂದಿಹಾಳ ಮೊದಲಾದ ಕಡೆ ಬೂದಿದಿಬ್ಬಗಳಿವೆ. ಇವು ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಮತ್ತೆಮತ್ತೆ ಸುಟ್ಟದ್ದರಿಂದ ಉಂಟಾದವು ಎಂದು ಎಫ್.ಆರ್. ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆ ದನಗಾಹಿಗಳ ನೇರ ವಂಶದವರೇ ಇಂದಿನ ಕುರುಬರು ಎನ್ನಲು ಆಧಾರ ಸಾಲದು. ಆದರೆ ಈ ನೆಲದಲ್ಲಿ ಬೇಸಾಯಕ್ಕೆ ಸಮನಾಗಿ ಪಶುಪಾಲನೆಯೂ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದುಬಂದಿದೆ ಎನ್ನಲು ಅಷ್ಟು ಸಾಕು.

ಮೊದಲನೆಯವರು: ಹಳೆಯದೆಂಬುದು ಉಳಿಯಬೇಕೆಂಬುದಕ್ಕೆ ಕಾರಣವಾಗುವುದಿಲ್ಲ. ಕಂಬಳಿಯನ್ನು ಕೊಳ್ಳುವವರೇ ಕಡಿಮೆಯಾಗಿದ್ದಾರೆ, ಕುರಿಗಾಹಿಗಳೇ ಪ್ಲಾಸ್ಟಿಕ್ ಹಾಳೆ ಹೊದೆಯುತ್ತಾರೆ, ಕೈಯಲ್ಲಿ ಮೊಬೈಲ್ ಇದೆ. ಕಾಪಾಡಿದ್ದೇನು ಉಳಿದಿದೆ ಇಲ್ಲಿ?

ಎರಡನೆಯವರು: ಈ ಪ್ರಶ್ನೆಯಲ್ಲಿಯೇ ವಿಷಯದ ತಿರುಳಿದೆ. ಉಣ್ಣೆಯ ಸ್ಥಿತಿ ನಿಜವಾಗಿಯೂ ನೋವಿನದು. ಗಿರಣಿಯ ಅಗ್ಗದ ರಗ್ಗುಗಳು ಸಂತೆಗೆ ಬಂದ ಮೇಲೆ ಒರಟು ಉಣ್ಣೆಗೆ ಬೆಲೆ ಕುಸಿದು, ಕತ್ತರಿಸುವ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಅದನ್ನು ಹೊಲದಲ್ಲಿಯೇ ಎಸೆದು ಹೋಗುತ್ತಾರೆ. ಮಾಂಸಕ್ಕೆ ಮಾತ್ರ ಬೆಲೆಯಿರುವುದರಿಂದ ದಖ್ಖನಿಯ ಬದಲು ಉಣ್ಣೆ ಕಡಿಮೆಯಿದ್ದು ಬೇಗ ಬೆಳೆಯುವ ಕೆಂಗುರಿ, ಯಳಗ, ಮಹಾರಾಷ್ಟ್ರದ ಜತ್ತ ಸೀಮೆಯ ಮಾಡಗ್ಯಾಳ ತಳಿಯ ಟಗರುಗಳನ್ನು ಹಿಂಡಿಗೆ ಬಿಡುತ್ತಿದ್ದಾರೆ; ಒರಟು ಮೇವಿನಲ್ಲಿ ಬದುಕಿ ದೂರ ನಡೆಯಬಲ್ಲ ದಖ್ಖನಿಯ ಗುಣ ಇದರಿಂದ ತೆಳುವಾಗುತ್ತಿದೆ ಎಂಬ ಅಳಲು ಹಿರಿಯರಲ್ಲಿದೆ. ಇಷ್ಟಾದರೂ ಹಿಂಡು ನಡೆಯುತ್ತಲೇ ಇದೆ, ಮತ್ತು ಆ ನಡಿಗೆಯೇ ಇವರು ಕಾಪಾಡಿಕೊಂಡು ಬಂದದ್ದು. ಮೊಬೈಲಿನಲ್ಲಿ ರೈತನನ್ನು ಕೇಳಿ ಮುಂದಿನ ಬೀಡು ಗೊತ್ತುಮಾಡಿಕೊಳ್ಳುವುದು, ಒಬ್ಬ ಮೋಟರ್ ಸೈಕಲ್ಲಿನಲ್ಲಿ ಮುಂದೆ ಹೋಗಿ ಮೇವು ನೋಡಿ ಬರುವುದು, ಇವು ನಡಿಗೆಯನ್ನು ಕೆಡಿಸಿಲ್ಲ, ಅದಕ್ಕೆ ಬಲ ಕೊಟ್ಟಿವೆ. ಕರಿಕಂಬಳಿ, ಡೊಳ್ಳು, ಪೇಟಗಳನ್ನು ಉತ್ಸವದ ವೇದಿಕೆಗೆ ತಂದು ನಿಲ್ಲಿಸಿ, ಅದೇ ವೇಳೆ ಹಿಂಡು ಸಾಗುವ ಹಾದಿಗೆ ಬೇಲಿ ಹಾಕಿದರೆ ಉಳಿಯುವುದು ವೇಷ ಮಾತ್ರ.

ಮೊದಲನೆಯವರು: ಬೇಲಿ ಹಾಕಿದವರು ಯಾರು?

ಎರಡನೆಯವರು: ಒಬ್ಬರಲ್ಲ, ಮತ್ತು ಎಲ್ಲರ ಉದ್ದೇಶವೂ ಕೆಟ್ಟದ್ದಲ್ಲ. ಘಟಪ್ರಭಾ, ಮಲಪ್ರಭಾ, ಮೇಲ್ದಂಡೆ ಕೃಷ್ಣೆಯ ಕಾಲುವೆಗಳೂ ಕೊಳವೆಬಾವಿಗಳೂ ಬಂದ ಮೇಲೆ ಕಬ್ಬು ವರ್ಷವಿಡೀ ನೆಲವನ್ನು ಆವರಿಸಿತು, ಕೂಳೆಯ ಕಾಲವೇ ಇಲ್ಲವಾಯಿತು. ಗೋಮಾಳಗಳು ಸಾಗುವಳಿಗೆ, ನಿವೇಶನಕ್ಕೆ, ನೆಡುತೋಪಿಗೆ ಹೋದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳು, ಎಂದರೆ ಮೈಸೂರು ಅರಸರ ಕಾಲದಿಂದ ಆ ತಳಿಯ ದನಗಳಿಗಾಗಿ ಕಾಯ್ದಿರಿಸಿದ್ದ ಹುಲ್ಲುಗಾವಲುಗಳು, ಸುತ್ತಿನ ಹಳ್ಳಿಗಳ ಕುರಿಗಳಿಗೂ ಆಸರೆಯಾಗಿದ್ದವು. ಅವುಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಗಿ ಸುತ್ತಲೂ ಗೋಡೆ ಎದ್ದಿತು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಶಕ್ತಿ ಉದ್ಯಾನ ಬಂದಿತು; ಭೂಮಿಯ ಒಡೆಯರಿಗೆ ವರ್ಷವರ್ಷವೂ ಗೇಣಿ ದೊರೆಯಿತು, ಆ ಭೂಮಿಯಲ್ಲಿ ಮೇಯಿಸುತ್ತಿದ್ದ ಒಡೆತನವಿಲ್ಲದವರಿಗೆ ಏನೂ ದೊರೆಯಲಿಲ್ಲ. ಹುಲ್ಲುಗಾವಲನ್ನು ದಾಖಲೆಗಳಲ್ಲಿ ಬಂಜರೆಂದು ಬರೆದುಕೊಂಡು ಬಂದ ಆಡಳಿತಕ್ಕೆ ಅದರ ಮೇಲೆ ಏನು ಕಟ್ಟಿದರೂ ಲಾಭವಾಗಿಯೇ ಕಾಣುತ್ತದೆ. ಬಂಜರೆನಿಸಿಕೊಂಡ ಈ ಬಯಲೇ ತೋಳ, ಕೃಷ್ಣಮೃಗ, ಎರ್ಲಡ್ಡು ಎಂಬ ಬಯಲುಹಕ್ಕಿಗಳ ನೆಲೆಯೂ ಹೌದು. ಕುರಿಗಾಹಿಗೆ ತೋಳ ಶತ್ರುವಾದರೂ, ಹಿಂಡಿನಿಂದ ಅದು ಒಯ್ದದ್ದು ಅದರ ಪಾಲು ಎಂದು ಸಹಿಸಿಕೊಳ್ಳುವವರು ಇಂದಿಗೂ ಇದ್ದಾರೆ.

ಮೊದಲನೆಯವರು: ನೆಲವೇ ಕಿರಿದಾದ ಮೇಲೆ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವುದು ವಿವೇಕದ ಮಾರ್ಗವಲ್ಲವೇ? ಮಕ್ಕಳು ಓದುತ್ತಾರೆ, ಹೆಂಗಸರಿಗೆ ಸೂರು ಸಿಗುತ್ತದೆ, ಪಶುವೈದ್ಯರು ಹತ್ತಿರದಲ್ಲಿರುತ್ತಾರೆ.

ಎರಡನೆಯವರು: ಕೊಳ್ಳುವ ಮೇವು, ಪಂಪಿನ ನೀರು, ಕೊಟ್ಟಿಗೆಯ ಬಂಡವಾಳ, ಇವು ಇದ್ದವರು ಹಾಗೆ ಸಾಕಬಹುದು, ಕೆಲವರು ಸಾಕುತ್ತಲೂ ಇದ್ದಾರೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ, ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ. ಇಷ್ಟು ಕುರಿಗಳಿಗೆ ಬೆಳೆದು ಕೊಡುವಷ್ಟು ಹಸಿಮೇವಿಗೆ ನೀರಾಗಲಿ ನೆಲವಾಗಲಿ ಈ ಸೀಮೆಯಲ್ಲಿ ಇಲ್ಲ, ಇಂದು ಅವುಗಳಲ್ಲಿ ಬಹುಪಾಲು ಮನುಷ್ಯನಿಗೆ ಉಪಯೋಗಕ್ಕೆ ಬಾರದ ಕೂಳೆ, ಕಳೆ, ಮುಳ್ಳುಗಿಡದ ಸೊಪ್ಪನ್ನು ತಿಂದು ಮಾಂಸವನ್ನೂ ಗೊಬ್ಬರವನ್ನೂ ಕೊಡುತ್ತಿವೆ. ಆದರೆ ಮಕ್ಕಳ ಮತ್ತು ಹೆಂಗಸರ ವಿಷಯದಲ್ಲಿ ತಾವು ಹೇಳಿದ್ದು ಸತ್ಯ, ಅದಕ್ಕೆ ಹಿಂಡಿನ ಲೆಕ್ಕದಿಂದ ಉತ್ತರ ಕೊಡಲಾಗದು. ಬಯಲಿನಲ್ಲಿ ಹೆರಿಗೆಯಾಗುವ ತಾಯಿ, ಮರಿ ಕಾಯಲು ಶಾಲೆ ಬಿಡುವ ಹುಡುಗಿ, ಇವರ ನಷ್ಟವನ್ನು ಯಾವ ಸಂಪ್ರದಾಯವೂ ತುಂಬಿಕೊಡುವುದಿಲ್ಲ. ಕುಟುಂಬಗಳಿಗೂ ಇದು ಗೊತ್ತು. ಅದಕ್ಕಾಗಿಯೇ ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಗಂಡಹೆಂಡತಿ ಮಾತ್ರ ಹಿಂಡಿನೊಂದಿಗೆ ಹೋಗುವುದು, ಅಣ್ಣತಮ್ಮಂದಿರು ಹಿಂಡುಗಳನ್ನು ಕೂಡಿಸಿ ಸರದಿಯ ಮೇಲೆ ನಡೆಸುವುದು ಹೆಚ್ಚಾಗಿದೆ. ಹಿಂಡಿನ ಹಿಂದೆ ಹೋಗುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವ ಮನೆಗಳೂ ಹೆಚ್ಚಾಗಿವೆ. ವಸತಿಶಾಲೆಯ ಸೀಟು, ಹಾದಿಯುದ್ದಕ್ಕೂ ಸಿಗುವ ಲಸಿಕೆ, ಯಾವ ತಾಲ್ಲೂಕಿನಲ್ಲಿದ್ದರೂ ದೊರೆಯುವ ಪಡಿತರ, ಇವೆಲ್ಲ ನಡಿಗೆಯನ್ನು ನಿಲ್ಲಿಸದೆಯೇ ಒದಗಿಸಬಹುದಾದವು. ಒದಗಿಸದೆ ಹೋದದ್ದಕ್ಕೆ ನಡಿಗೆಯನ್ನು ಕಾರಣವಾಗಿ ತೋರಿಸುವುದು ಸಲ್ಲದು.

ಮೊದಲನೆಯವರು: ಸರ್ಕಾರ ಏನೂ ಮಾಡಿಲ್ಲ ಎನ್ನುವಂತೆಯೂ ಇಲ್ಲ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಯಿದೆ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅಲೆಮಾರಿ ಪಶುಪಾಲಕರ ಹೆಸರಿದೆ, 2025ರಲ್ಲಿ ಸಂಚಾರಿ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗಾಗಿಯೇ ರಾಜ್ಯದ ವಿಧಾನಮಂಡಲದ ಮುಂದೆ ವಿಧೇಯಕ ಬಂದಿತು.

ಎರಡನೆಯವರು: ಅವೆಲ್ಲ ಆಗಬೇಕಾದದ್ದೇ. ಬಯಲಿನಲ್ಲಿ ಒಂಟಿಯಾಗಿ ಮಲಗುವವರ ಮೇಲೆ ನಡೆಯುವ ಹಲ್ಲೆ ಮತ್ತು ಕುರಿಗಳ್ಳತನವನ್ನು ಕಾನೂನು ಹೆಸರಿಟ್ಟು ಗುರುತಿಸುವುದು ಸಣ್ಣ ಸಂಗತಿಯಲ್ಲ. ಆದರೆ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡಕ್ಕೆ ಸೇರದವರಿಂದ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಆಧಾರ ಕೇಳುತ್ತದೆ. ಅಲೆಮಾರಿಗಳ ಅರ್ಜಿಯನ್ನು ಅವರು ಸ್ಥಳದಲ್ಲಿರುವ ಸಮಯದಲ್ಲಿಯೇ ಪರಿಶೀಲಿಸಬೇಕೆಂದು ಅದರ ನಿಯಮಗಳು ಹೇಳಿದರೂ, ಪ್ರತಿ ವರ್ಷ ಕೆಲವೇ ರಾತ್ರಿ ತಂಗಿ ಹೋಗುವವರಿಗೆ ಆ ಅರ್ಜಿಯನ್ನು ಮೊದಲು ನೋಡುವ ಯಾವ ಗ್ರಾಮಸಭೆಯೂ ತಮ್ಮದಲ್ಲ. ಮೇಲಾಗಿ ದಖ್ಖನಿನ ಹಾದಿಗಳು ಬಹುಪಾಲು ಕಾಡಿನ ಹೊರಗಿವೆ. ಸ್ಪೇನಿನಲ್ಲಿ ಮಧ್ಯಯುಗದಿಂದ ಬಂದ ಕುರಿಹಾದಿಗಳನ್ನು ಸಾರ್ವಜನಿಕ ಸ್ವತ್ತೆಂದು ಸಾರಿ 1995ರ ಕಾಯ್ದೆ ಅವುಗಳ ಅಗಲವನ್ನು ಕೂಡ ಕಾಯುತ್ತದೆ. ಇಲ್ಲಿ ಹಾದಿಯ ನಕ್ಷೆಯೇ ಇಲ್ಲ. 2024ರ ಅಕ್ಟೋಬರಿನಲ್ಲಿ ಆರಂಭವಾದ 21ನೆಯ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರ ಜಾನುವಾರುಗಳನ್ನು ಬೇರೆಯಾಗಿ ಎಣಿಸಲು ಹೊರಟಿದ್ದು, ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದ್ದು, ಇವು ಬದಲಾಗುತ್ತಿರುವ ನೋಟದ ಸೂಚನೆಗಳು.

ಮೊದಲನೆಯವರು: ಒಂದೇ ಒಂದು ಕೆಲಸ ಮೊದಲು ಆಗಬೇಕೆಂದರೆ ಅದು ಯಾವುದು?

ಎರಡನೆಯವರು: ಗೋಮಾಳದ ಲೆಕ್ಕ ತಿದ್ದುವುದು. ಕರ್ನಾಟಕ ಭೂಕಂದಾಯ ನಿಯಮಗಳು ಗ್ರಾಮದ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಕಾಯ್ದಿರಿಸಬೇಕೆನ್ನುತ್ತವೆ. ಲೆಕ್ಕಕ್ಕೆ ಬರುವುದು ಆ ಗ್ರಾಮದ ಜಾನುವಾರುಗಳು ಮಾತ್ರ, ವರ್ಷದಲ್ಲಿ ತಿಂಗಳುಗಟ್ಟಲೆ ಅಲ್ಲಿ ತಂಗುವ ಹೊರಗಿನ ಹಿಂಡುಗಳು ಅಲ್ಲ. ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದ ಊರಿನಲ್ಲಿ ಆ ಲೆಕ್ಕ ಹಾಕಿದಾಗ ಗೋಮಾಳ ಹೆಚ್ಚುವರಿಯೆಂದು ತೋರುತ್ತದೆ, ಹೆಚ್ಚುವರಿಯೆಂದು ತೋರಿದ್ದು ಹಂಚಿಕೆಯಾಗುತ್ತದೆ. ಹಂಚಿಕೆಯ ಕಡತ ನಡೆಯುವಾಗ ಹಿಂಡು ಇನ್ನೊಂದು ಜಿಲ್ಲೆಯಲ್ಲಿರುತ್ತದೆ, ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿದ ಮೇಲೆ ಅದು ಮರಳುತ್ತದೆ. ಬರುವ ಹಿಂಡುಗಳನ್ನೂ ಆ 100ರ ಎಣಿಕೆಯಲ್ಲಿ ಸೇರಿಸಿ, ಅವು ತಂಗುವ ಸರ್ವೆ ನಂಬರುಗಳನ್ನು ಪಹಣಿಯಲ್ಲಿ ನಮೂದಿಸುವುದಕ್ಕೆ ಹೊಸ ಇಲಾಖೆಯೂ ಬೇಡ, ದೊಡ್ಡ ಅನುದಾನವೂ ಬೇಡ.